ಬೀಟ್‌ರೂಟ್ ಬಟ್ಟಲುಗಳು

ಅಳಿಯಂದಿರೇ,

ಬೆಳಿಗ್ಗೆ ಭಟ್ಟಿ ತೆಗೆದೆ. ನೀವು ಮಣ್ಣಿಗೆ ಬೀಟ್‌ರೂಟ್ ರಸ ಕಲಸಿ ಮಾಡಿದ ಮೂವತ್ತು ಬಟ್ಟಲೂ ಬೆಳ್ಳಗೆ ಹಲ್ಲು ಕಿಸಿಯುತ್ತಾ ಕೂತಿವೆ. ಸೊಪ್ಪು ತರಕಾರಿಯ ಬಣ್ಣ ಬೆಂಕಿಯಲ್ಲಿ ಸುಟ್ಟುಹೋಗುತ್ತದೆ ಅಂತ ಹೇಳಿದ್ದೆ. "ಮಾವ, ನಿಮ್ ಕಾಲ ಮುಗೀತು, ಈಗೆಲ್ಲ ನ್ಯಾಚುರಲ್ಲೇ ನಡೆಯೋದು" ಅಂದಿರಿ. ಓದಿದವರಲ್ಲವೇ, ಭಟ್ಟಿಗೆ ಇಟ್ಟುಕೊಟ್ಟೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದಾಯಿತು.

ಮೇಲಿನ ಹಲಗೆಯ ಡಬ್ಬಿಯಲ್ಲಿ ಗುಲಾಬಿ ಸ್ಟೇನ್, ಅಂದರೆ ಮಣ್ಣಿಗೆ ಹಾಕುವ ಖನಿಜ ಬಣ್ಣದ ಪುಡಿ ಇದೆ. ಅದು ಬೆಂಕಿಗೆ ಜಗ್ಗುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪುಡಿಯನ್ನು ನೀರಲ್ಲಿ ಕದಡಿ, ಸೋಸಿ, ಆಮೇಲೆ ಪಿಂಗಾಣಿ ಮಣ್ಣಿಗೆ ಹಾಕಿ ನಾದಿ. ನೂರು ಪಾಲು ಮಣ್ಣಿಗೆ ಎಂಟು ಪಾಲು. ತೂಗಿಯೇ ಹಾಕಿ, ಕಣ್ಣಳತೆ ನಿಮಗಿನ್ನೂ ಬಂದಿಲ್ಲ. ಮೊದಲು ಒಂದು ಬಿಲ್ಲೆ ಸುಟ್ಟು ನೋಡೋಣ. ಉಳಿದ ಬೀಟ್‌ರೂಟ್ ಅಡುಗೆಮನೆಗೆ ಕೊಡಿ, ಅಲ್ಲಾದರೂ ಅದಕ್ಕೆ ಮರ್ಯಾದೆ ಇದೆ.

ಗುಲಾಬಿ ಬಟ್ಟಲು ಇವತ್ತೇ ಕೊಡುತ್ತೇನೆಂದು ಹೋಟೆಲಿನಮ್ಮನಿಗೆ ಮಾತು ಕೊಟ್ಟವರು ನೀವು. ಇನ್ನು ಹತ್ತು ದಿನ ಕೊಡಿ ಅಂತ ಕೇಳಲು ನಾನೇ ಹೊರಟೆ. ನಿಮ್ಮ ಮೊದಲ ಆರ್ಡರು, ಕೈತಪ್ಪಬಾರದು. ಆಕೆ ಇಲ್ಲಿಗೆ ಬಂದರೆ ನೀವು ಬಾಯಿ ಬಿಡಬೇಡಿ. ನಲವತ್ತು ವರ್ಷದಿಂದ ನನ್ನ ಭಟ್ಟಿಯ ಮೇಲೆ ಒಂದು ದೂರಿಲ್ಲ. ಇವತ್ತು ಭಟ್ಟಿಯದೇ ತಪ್ಪು ಅಂತ ಹೇಳಿ ಬರುತ್ತೇನೆ.