ನೂರ ಹದಿಮೂರರ ಮುಂದಿನ ಪುಟ

ತಾರೀಕು ೧೪, ಭಾನುವಾರ

ಪ್ರೀತಿಯ ಅಣ್ಣ,

ನಿನಗೂ ಅತ್ತಿಗೆಗೂ ನಮಸ್ಕಾರ. ‘ನಾವಿಲ್ಲಿ ಕ್ಷೇಮ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಮೈಯ ಮಟ್ಟಿಗೆ ಎಲ್ಲರೂ ಕ್ಷೇಮವೇ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಉತ್ತರ ಬರೆಯದೆ ಕೂತದ್ದು ನನ್ನ ತಪ್ಪು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು “ಮತ್ತೇನಮ್ಮಾ?” ಅನ್ನುತ್ತೀಯ, ನಾನು “ಏನಿಲ್ಲಣ್ಣ” ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಆರನೇ ಕ್ಲಾಸಿಗೆ ನಿಂತುಹೋದ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ರಟ್ಟು ಕಟ್ಟುತ್ತಿದ್ದಾಗಿನ ಲೈಬ್ರರಿ ಅಲ್ಲ ಈಗಿನದು. ನಿನ್ನ ಬೈಂಡಿಂಗ್ ಕೋಣೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಕೂತಿದೆ. ಹನ್ನೆರಡು ಊರಿನ ಲೈಬ್ರರಿಗಳು ಸೇರಿ ಒಪ್ಪಂದ ಮಾಡಿಕೊಂಡಿವೆ. ಒಂದು ಪುಸ್ತಕವನ್ನು ಒಬ್ಬರು ಸ್ಕ್ಯಾನ್ ಮಾಡಿದರೆ ಸಾಕು. ಉಳಿದ ಹನ್ನೊಂದು ಕಡೆಯವರು ಅದನ್ನೇ ತಮ್ಮ ಕಂಪ್ಯೂಟರಿನಲ್ಲಿ ಓದುಗರಿಗೆ ತೋರಿಸಬೇಕು, ಹಳೇ ಪ್ರತಿಯನ್ನು ತೂಕಕ್ಕೆ ಹಾಕಿ ಜಾಗ ಮಾಡಿಕೊಳ್ಳಬೇಕು. ನನಗೆ ಮೊದಲ ದಿನವೇ ಹೆದರಿಕೆ. “ಮೇಡಂ, ನಮ್ಮದ್ರಲ್ಲೇ ಏನಾದ್ರೂ ತಪ್ಪಾದ್ರೆ?” ಎಂದು ಕೇಳಿದೆ. ಲೈಬ್ರರಿಯನ್ ಮೇಡಂ ನಕ್ಕರು. “ನೀನು ಮೋಡ ನೋಡೇ ಶೀತ ಮಾಡ್ಕೊಳ್ಳೋಳು” ಅಂದರು.

ಯಂತ್ರದ ಹತ್ತಿರ ಇಬ್ಬರು. ಪುಟ ತಿರುವುವವಳು ನಾನು. ಕಾಲಲ್ಲಿ ಪೆಡಲ್ ಒತ್ತಿ ಚಿತ್ರ ತೆಗೆಯುವವರು ಗುತ್ತಿಗೆಯ ಮೇಲೆ ಬಂದವರು, ಐವತ್ತು ದಾಟಿದೆ. ಮೊದಲು ಫೋಟೋ ಸ್ಟುಡಿಯೋ ಇಟ್ಟಿದ್ದರು, ಎಲ್ಲರ ಕೈಗೂ ಫೋನ್ ಬಂದ ಮೇಲೆ ಬಾಗಿಲು ಹಾಕಿದರು. ನಾವು ಅವರನ್ನು ಸ್ಟುಡಿಯೋ ಎಂದೇ ಕರೆಯುತ್ತೇವೆ. ಹೊಸ ಪುಸ್ತಕ ಇಟ್ಟಾಗಲೆಲ್ಲ “ಗಲ್ಲ ಸ್ವಲ್ಪ ಮೇಲೆ, ಹಾಂ, ಈಗ ನಗಬೇಕು” ಎಂದು ಪುಸ್ತಕಕ್ಕೇ ಹೇಳುತ್ತಾರೆ. ದಿನವಿಡೀ ನಿಂತ ಕಾಲಿನ ನೋವು ಅದರಲ್ಲೇ ಮರೆಯುತ್ತಿತ್ತು.

ಒಂದೊಂದು ಸಲ ತಿರುವಿದಾಗಲೂ ಪುಟದ ಸಂಖ್ಯೆ ನೋಡಿ, ಅಂಕಿಗಳ ಪಟ್ಟಿಯಿರುವ ಹಾಳೆಯಲ್ಲಿ ಟಿಕ್ ಹಾಕಬೇಕೆಂದು ನಿಯಮ. ಅಂಕಿ ಕಂಡರೆ ನನಗೆ ಭಯವೆಂದು ನಿನಗೆ ಗೊತ್ತಲ್ಲ. ಯಾರಾದರೂ ನೋಡುತ್ತಿದ್ದರಂತೂ ಅರವತ್ತೊಂಬತ್ತರ ಮುಂದೇನು ಎಂಬುದೇ ಮರೆಯುತ್ತದೆ. ಅದಕ್ಕೇ ಹಾಳೆಗಳನ್ನು ಮನೆಗೆ ತಂದು, ಹಿಂದಿನ ಸಂಜೆಯೇ ಒಂದರಿಂದ ಕೊನೆಯವರೆಗೂ ಟಿಕ್ ಹಾಕಿ ಒಯ್ಯುತ್ತಿದ್ದೆ. ತಪ್ಪಾಗಬಾರದೆಂಬ ಹೆದರಿಕೆಗೇ ಹಾಗೆ ಮಾಡಿದ್ದು, ದೇವರಾಣೆ.

ಹೋದ ತಿಂಗಳು ಬೇರೊಂದು ಊರಿನ ಗಡಿಯಾರ ರಿಪೇರಿಯವರ ಪತ್ರ ಬಂತು. ಅವರೂರಿನ ಗೋಪುರದ ದೊಡ್ಡ ಗಡಿಯಾರ ನಿಂತು ವರ್ಷಗಳಾಗಿದ್ದವಂತೆ. ನಾವು ಸ್ಕ್ಯಾನ್ ಮಾಡಿದ ಹಳೇ ರಿಪೇರಿ ಪುಸ್ತಕವನ್ನು ಅವರೂರ ಲೈಬ್ರರಿಯಲ್ಲಿ ಓದಿ, ಅದರಲ್ಲಿದ್ದಂತೆ ಬಿಚ್ಚಿದ್ದಾರೆ. ಮೇಡಂ ಎಲ್ಲರೆದುರು ಗಟ್ಟಿಯಾಗಿ ಓದಿದರು: “ಸ್ವಾಮಿ, ನಿಮ್ಮ ಪುಸ್ತಕ ನೂರ ಹದಿಮೂರನೇ ಪುಟದಲ್ಲಿ ಗಡಿಯಾರ ಬಿಚ್ಚಿ ಮುಗಿಸುತ್ತೆ. ಅದರ ಮುಂದಿನ ಪುಟ ನೂರ ಹದಿನಾರು. ಅಲ್ಲಿ ಗಡಿಯಾರ ಆಗಲೇ ಓಡ್ತಾ ಇದೆ! ಮಧ್ಯೆ ಜೋಡಿಸಿದವರು ಯಾರು, ನಮ್ಮಪ್ಪನಾ? ತೊಂಬತ್ತೆರಡು ಭಾಗ ನಮ್ಮ ಮಂಚದ ಮೇಲಿವೆ, ನಾನೂ ನನ್ನ ಹೆಂಡತಿಯೂ ನೆಲದ ಮೇಲಿದ್ದೀವಿ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಗೊತ್ತಾಗಿಹೋಯಿತು. ಪುಸ್ತಕದ ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ತಿರುವಿಹೋಗಿವೆ, ನನ್ನ ಕೈಯಲ್ಲೇ.

ನಮ್ಮ ಪ್ರತಿಗೆ ಗೆದ್ದಲು ಹಿಡಿದಿತ್ತೆಂದು ಆಗಲೇ ಸುಟ್ಟಿದ್ದೆವು. ಮೇಡಂ ಹನ್ನೊಂದು ಕಡೆಗೂ ಬರೆದರು. ಹತ್ತು ಕಡೆ ತೂಕಕ್ಕೆ ಹಾಕಿಯಾಗಿತ್ತು. ಹನ್ನೊಂದನೆಯವರು ಅಲುಗಾಡುವ ಮೇಜಿನ ಕಾಲಿಗೆ ಅದನ್ನು ಒತ್ತು ಕೊಟ್ಟಿದ್ದರಂತೆ. ಸೋಮಾರಿಗಳ ಪುಣ್ಯದಿಂದ ಆ ದಂಪತಿಗೆ ಮಂಚ ಸಿಕ್ಕಿತು.

ಪುಟ ಸಿಕ್ಕಿದರೆ ಸಾಕೇ, ತಪ್ಪು ಮಾಡಿದವರು ಸಿಗಬೇಕಲ್ಲ. ಮೇಡಂ ನನ್ನ ಹಾಳೆ ತೆಗೆಸಿದರು. ನೂರ ಹದಿನಾಲ್ಕಕ್ಕೆ ಟಿಕ್, ನೂರ ಹದಿನೈದಕ್ಕೂ ಟಿಕ್. “ಇವಳು ಸರಿಯಾಗಿ ತಿರುವಿದಾಳೆ. ನೀವೇ ಒತ್ತಿಲ್ಲ” ಎಂದು ಸ್ಟುಡಿಯೋ ಕಡೆ ತಿರುಗಿದರು. “ಮುಂದೆ ಕೂತೋರನ್ನ ಬಿಟ್ಟು ಫೋಟೋ ತೆಗೆದೋನಲ್ಲ ಮೇಡಂ ನಾನು” ಅಂದರು ಅವರು. ಅಷ್ಟೇ. ನನ್ನ ಕಡೆ ಒಮ್ಮೆ ನೋಡಿದರು. ನಾನು ಬೆರಳು ಒದ್ದೆ ಮಾಡುವ ಸ್ಪಂಜನ್ನು ಹಿಂಡುತ್ತ ನಿಂತಿದ್ದೆ. ತಿಂಗಳ ಕೊನೆಗೆ ಅವರ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲವೆಂದು ಮೇಡಂ ಹೇಳಿಯಾಗಿದೆ. ಈಗ ಅವರು ಪುಸ್ತಕಗಳಿಗೆ ನಗು ಅನ್ನುವುದಿಲ್ಲ. ಸುಮ್ಮನೆ ಒತ್ತುತ್ತಾರೆ.

ಆ ವಯಸ್ಸಿನಲ್ಲಿ ಅವರಿಗೆ ಇನ್ನೆಲ್ಲಿ ಕೆಲಸ? ನನ್ನದಾದರೆ ಕಾಯಂ. ನಿಜ ಹೇಳಿದರೆ ಬೈಯಬಹುದು. ಕಸ ಗುಡಿಸಲು ಹಾಕಬಹುದು. ಸುಳ್ಳು ಟಿಕ್ ಹಾಕಿದಳೆಂದು ತೆಗೆದೇ ಹಾಕಬಹುದು. ಇದನ್ನೇ ತಿರುಗಾ ಮುರುಗಾ ಯೋಚಿಸುತ್ತ ಈ ವಾರ ಎರಡು ಸಲ ಹಾಲು ಉಕ್ಕಿಸಿದೆ. ನಮ್ಮ ಯಜಮಾನರಿಗೆ ಹೇಳಿದರೆ, “ಬೀದೀಲಿ ಹೋಗೋ ಮಾರೀನ ಮನೆಗೆ ಕರೀತೀಯಲ್ಲೇ, ಸುಮ್ನಿರು” ಅಂದರು. ಸುಮ್ಮನಿರುವುದು ನನಗೆ ಹೊಸದಲ್ಲ, ಅದೇ ಕಷ್ಟ.

ನಾಳೆ ಸೋಮವಾರ. ಮೇಡಂ ಹತ್ತಿರ ಹೇಳಿಬಿಡಬೇಕೆಂದಿದ್ದೇನೆ. ಅತ್ತಿಗೆಯ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳಲಿ. ಮಕ್ಕಳಿಗೆ ಅತ್ತೆಯ ಆಶೀರ್ವಾದ, ನನ್ನ ಹಾಗೆ ಎಲ್ಲದಕ್ಕೂ ಬೆಚ್ಚಿಬೀಳದೆ ಬೆಳೆಯಲಿ.

ಇಂತಿ ನಿನ್ನ ತಂಗಿ,
ಪುಕ್ಕಲಿ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ ಅಣ್ಣ, ಇದನ್ನು ಬರೆಯಲೆಂದೇ ಅಷ್ಟೂ ಬರೆದೆ. ಹತ್ತೊಂಬತ್ತು ವರ್ಷದ ಹಿಂದೆ ಬೈಂಡಿಂಗ್ ಕೋಣೆಯಲ್ಲಿ ನೀರು ತುಂಬಿ, ನೀನು ಹೊಲಿದಿಟ್ಟಿದ್ದ ನಲವತ್ತು ಸಂಪುಟ ಹಳೇ ಪತ್ರಿಕೆಗಳು ಹಾಳಾದವಲ್ಲ. ಬೀಗ ಹಾಕಿದವನು ನೀನು, ನಲ್ಲಿ ಬಿಟ್ಟು ಹೋದವನೂ ನೀನೇ ಎಂದು ನಿನ್ನನ್ನು ಕೆಲಸದಿಂದ ತೆಗೆದರು. ಆ ಸಂಜೆ ನೀನು ಕೀಲಿ ತರಲು ಆಫೀಸಿಗೆ ಹೋಗಿದ್ದಾಗ, ಅಂಟಿನ ಕೈ ತೊಳೆಯಲು ನಾನು ನಲ್ಲಿ ತಿರುಗಿಸಿದೆ. ನೀರಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೊರಟೆ, ನಲ್ಲಿ ಹಾಗೇ ತೆರೆದಿತ್ತು. ನಾವೆಲ್ಲ ಹೋದ ಮೇಲೆ ನೀರು ಬಂದಿದೆ. ವಿಚಾರಣೆಯಲ್ಲಿ ನೀನು “ನಲ್ಲಿ ಮುಟ್ಟಿದ ನೆನಪಿಲ್ಲ ಸಾರ್, ಆದ್ರೂ ನಾನೇ ಇರಬೇಕು” ಅಂದೆ. ನಾನು ಬಾಗಿಲ ಹೊರಗೇ ನಿಂತಿದ್ದೆ. ನೀನು ಊರು ಬಿಟ್ಟೆ. ನೀನೇ ಕೊಡಿಸಿದ ಕೆಲಸದಲ್ಲಿ ನಾನು ಉಳಿದೆ.

ನಾಳೆ ಮೊದಲು ಈ ಪತ್ರ ಅಂಚೆ ಡಬ್ಬಿಗೆ, ಆಮೇಲೆ ನಾನು ಮೇಡಂ ಕೋಣೆಗೆ. ಸರದಿಯಲ್ಲಿ ನೀನು ಮುಂದಿದ್ದೀಯ.