ಏಳನೇ ಬ್ಲೇಡಿನ ಬೊಟ್ಟು

೧೭ ಅಕ್ಟೋಬರ್, ಶುಕ್ರವಾರ, ನಾಗ್ಪುರ

ಗಣವೀರನನ್ನು ಇವತ್ತು ಕೆಲಸದಿಂದ ತೆಗೆದರು. ನಾನು ಬಾಯಿ ಬಿಡಲಿಲ್ಲ.

ಎಂಜಿನ್ನಿನ ಬ್ಲೇಡುಗಳಿಗೆ ಶಾಖ ತಡೆಯುವ ಲೇಪ ಹಚ್ಚುವ ಮೊದಲು ಅವನ್ನು ಬರಿಗೈಲಿ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದರೂ ಲೇಪ ಹಿಡಿಯುವುದಿಲ್ಲ. ಹೊಸಬರಿಗೆಲ್ಲ ಇದನ್ನು ಕಲಿಸುವವನು ನಾನೇ. ಅಂಥ ನಾನು ಆಯುಧಪೂಜೆಯ ದಿನ, ಕುಲುಮೆಯ ಪರೀಕ್ಷೆಯಲ್ಲಿ ಎರಡು ವರ್ಷದಿಂದ ಫೇಲಾಗುತ್ತಿದ್ದೇವೆ, ಈ ಸಲವಾದರೂ ಪಾಸಾಗಲಿ ಅಂತ, ಲೇಪಕ್ಕೆ ತೊಳೆದಿಟ್ಟಿದ್ದ ಹನ್ನೆರಡರಲ್ಲಿ ಏಳನೇ ಬ್ಲೇಡಿಗೆ ಕುಂಕುಮದ ಬೊಟ್ಟಿಟ್ಟು ಕೈಮುಗಿದೆ. ಆಮೇಲೆ ಕರ್ಚೀಫಿನಿಂದ ಒರೆಸಿಬಿಟ್ಟೆ.

ಸಾವಿರದ ನೂರು ಡಿಗ್ರಿಯ ಕುಲುಮೆಯಲ್ಲಿ ಹನ್ನೊಂದು ಬ್ಲೇಡು ತಡೆದುಕೊಂಡವು. ಏಳನೆಯದರ ಲೇಪ ಸಿಪ್ಪೆಯಂತೆ ಎದ್ದು ಬಂತು, ಸರಿಯಾಗಿ ಬೆರಳ ತುದಿಯಷ್ಟು ಜಾಗದಲ್ಲಿ. ಯಾರೋ ಬರಿಗೈಲಿ ಮುಟ್ಟಿದ್ದಾರೆ ಅಂತ ವರದಿಯಾಯಿತು. ಬ್ಲೇಡು ತೊಳೆದಿಟ್ಟವನು ಗಣವೀರ, ಅದೂ ಕಾಂಟ್ರಾಕ್ಟಿನವನು. ಇನ್ನೇನು ಬೇಕು? ನಾನೂ ಸಹಿ ಹಾಕಿದೆ.

ರಾತ್ರಿ ಊಟಕ್ಕೆ ಕೂತಾಗ ಶೈಲಾ ಕೇಳಿದಳು, "ಒಂಬತ್ತ ವರ್ಷ ಒಂದ ತಪ್ಪ ಮಾಡಿಲ್ಲ ಅಂತಿದ್ರಿ. ಬರಿಗೈಲೆ ಹೆಂಗ ಮುಟ್ಟಿದಾ?"

"ಮನುಷ್ಯಾ ಅಲ್ಲೇನ, ತಪ್ಪಾಗತೈತಿ," ಅಂದೆ. ಹೆಂಡತಿಗೂ ಸುಳ್ಳು.

ಸಂಜೆ ಗೇಟ್‌ಪಾಸ್ ಒಪ್ಪಿಸಿ ಗಣವೀರ ನನ್ನ ಕೋಣೆಗೆ ಬಂದಿದ್ದ. ಬೈಯಲಿಲ್ಲ, ಅಳಲಿಲ್ಲ. ಹೊಸ ಕೈಗವಸಿನ ಒಂದು ಜೊತೆಯನ್ನು ಮೇಜಿನ ಮೇಲಿಟ್ಟು, "ಸಾಬ್, ಯೇ ಆಪ್ ರಖೋ," ಅಂದ. ನಾನೇ ಇಟ್ಟುಕೊಳ್ಳಬೇಕಂತೆ, ಮುಂದಿನ ಪೂಜೆಗೆ ಬೇಕಾಗುತ್ತಂತೆ.

ಅಂದರೆ ಅವನು ನೋಡಿದ್ದ. ವಿಚಾರಣೆಯಲ್ಲಿ ಎರಡು ದಿನ ಸುಮ್ಮನೆ ಕೂತಿದ್ದ, ನನ್ನ ಮುಖವನ್ನೇ ನೋಡುತ್ತಾ. ನಾನೇ ಹೇಳುತ್ತೇನೆ ಅಂದುಕೊಂಡಿದ್ದನೇನೋ.