ಕೊಂಡವಾಡದ ಚಿಲಕ ತಾನೇ ಬಿತ್ತೇ?

ಮಾನ್ಯ ಫೌಜದಾರ ಸಾಹೇಬರೇ,

ನನ್ನ ಅಕ್ಕ ಹೊನ್ನವ್ವನನ್ನು ನಮ್ಮೂರ ಚೇರ್ಮನ್ನರು ಕೊಂಡವಾಡದಲ್ಲಿ ಕೂಡಿಹಾಕಿದ್ದನ್ನು ತಾವು ‘ಆಕಸ್ಮಿಕ’ ಎಂದು ತೀರ್ಮಾನಿಸಿ ನಮ್ಮನ್ನು ಮನೆಗೆ ಕಳಿಸಿದ್ದೀರಿ. ಚಿಲಕ ತಾನೇ ಬಿತ್ತಂತೆ. ಹೊರಗಿನಿಂದ ಎತ್ತಿ, ಸರಿಸಿ, ಕೊಕ್ಕೆಗೆ ಸಿಕ್ಕಿಸಬೇಕಾದ ಕಬ್ಬಿಣದ ಚಿಲಕವದು. ಅಷ್ಟೂ ಕೆಲಸವನ್ನು ತಾನೇ ಮಾಡುವಂತಿದ್ದರೆ ಅದನ್ನು ತಮ್ಮ ಠಾಣೆಗೆ ಪೇದೆಯಾಗಿ ನೇಮಿಸಿಕೊಳ್ಳಬಹುದು.

ನಡೆದದ್ದು ನಮ್ಮೂರಿಗೆ ಗೊತ್ತು. ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗಾಗಿ ಹೇಳುತ್ತೇನೆ. ಹೊಲ ಮೇಯ್ದ ದನಗಳನ್ನು ಹಿಡಿದು ಕೂಡಿಹಾಕುವ ಕೊಂಡವಾಡದಲ್ಲಿ ನಮ್ಮದೊಂದು ರೂಢಿಯಿದೆ. ದನದ ಒಡೆಯರು ಒಳಗೆ ಹೋಗಿ ಹೆಸರು ಹಿಡಿದು ಕರೆಯಬೇಕು. ಓಗೊಟ್ಟು ಬಂದರೆ ದನ ಅವರದು. ಚೇರ್ಮನ್ನರ ಎತ್ತುಗಳು ಯಾರ ಜೋಳ ಮೇಯ್ದರೂ ಕೊಂಡವಾಡ ಕಾಣುವುದಿಲ್ಲವೇಕೆ ಎಂದು ಅಕ್ಕ ಪಂಚಾಯಿತಿ ಕಟ್ಟೆಯಲ್ಲಿ ಕೇಳಿದಳು. ಆ ವಾರವೇ ನಮ್ಮ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಕೊಂಡವಾಡ ಸೇರಿತು. ಅಕ್ಕ ರೂಢಿಯಂತೆ ಒಳಗೆ ಹೋಗಿ “ಗೌರೀ” ಎಂದು ಕರೆದಳು. ಹಿಂದೆ ಬಾಗಿಲು ಮುಚ್ಚಿತು. “ಭಾಳ ಮಾತಾಡ್ತಿದ್ದಿ. ಈಗ ದನದ ಕೂಡ ಮಾತಾಡು,” ಎಂದರು ಚೇರ್ಮನ್ನರು. ಹೊರಗೆ ನಿಂತವರು ನಕ್ಕರು. ಒಳಗೆ ಹಾಯುವ ಹೋರಿಯೊಂದನ್ನು ಕಟ್ಟದೆ ಬಿಟ್ಟಿದ್ದರು. ಸಂಜೆಯವರೆಗೂ ಅಕ್ಕ ಗೋಡೆಗೆ ಬೆನ್ನು ಹಚ್ಚಿ, ಎಮ್ಮೆಯ ಮರೆಯಲ್ಲಿ ನಿಂತಿದ್ದಳು.

ನಾವು ಠಾಣೆಗೆ ಬಂದಾಗ ತಾವು ಕೇಳಿದಿರಿ: “ಗಾಯ ಎಲ್ಲೈತಿ, ತೋರಸು. ಒಳಗ ಹೋದಾಕಿ ನೀನ ಅಲ್ಲೇನು?” ಹೋದವಳು ಅವಳೇ, ನಿಜ. ಎಮ್ಮೆ ಬಿಡಿಸಿಕೊಳ್ಳಲು ಒಪ್ಪಿ ಹೋದವಳು ಬಂಧನಕ್ಕೂ ಒಪ್ಪಿದಳೇ? ತಾವು ಕ್ಷೌರಕ್ಕೆ ತಲೆ ಕೊಟ್ಟರೆ ಕುತ್ತಿಗೆಯನ್ನೂ ಕೊಟ್ಟಂತಾಯಿತೇ? ಸಿಂದಗಿಯ ವಕೀಲ ಮೋದಿನಸಾಬರು ನನಗೆ ತಿಳಿಯುವಂತೆ ಹೇಳಿದರು: “ಎಡವಿ ಮೈಮ್ಯಾಲೆ ಬೀಳೂದು ಬ್ಯಾರೆ, ಬೇಕಂತ ದೂಡೂದು ಬ್ಯಾರೆ ನೋಡವ್ವಾ. ಹೊಡಿಯಾಕ ಕೈ ಎತ್ತಿ ಅಂಜಿಸಿದ್ರೂ ತಪ್ಪು, ದಾರಿ ಕಟ್ಟಿ ಕೂಡಿಹಾಕಿದ್ರೂ ತಪ್ಪು. ರಕ್ತ ಬರಬೇಕಂತ ಕಾಯ್ದೆ ಎಲ್ಲೂ ಹೇಳಿಲ್ಲ. ಪರಿಹಾರ ಕೇಳೂ ಹಕ್ಕು ನಿಮಗೈತಿ.” ಮುನಸೀಫ ಕೋರ್ಟಿನಲ್ಲಿ ಚೇರ್ಮನ್ನರ ಮೇಲೆ ದಾವೆ ಹೂಡಿದ್ದೇವೆ.

ಗಾಯವನ್ನೇ ನೋಡಬೇಕೆಂದರೆ ನಮ್ಮ ಮನೆಗೆ ಬನ್ನಿ. ಅಕ್ಕ ಈಗ ಬಚ್ಚಲ ಬಾಗಿಲು ಹಾಕುವುದಿಲ್ಲ. ಅವಳು ಮೈ ತೊಳೆಯುವಷ್ಟು ಹೊತ್ತು ನಾನು ಹೊರಗೆ ಕೂತು ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಒದ್ದೆ ಸೀರೆಯಲ್ಲೇ ಓಡಿ ಬರುತ್ತಾಳೆ. ನೆರೆಮನೆಯಲ್ಲಿ ಯಾರಾದರೂ ನಕ್ಕರೆ ರೊಟ್ಟಿ ಮುರಿಯುವ ಕೈ ಅಲ್ಲೇ ನಿಂತುಬಿಡುತ್ತದೆ. ಊರೆದುರು ನಿಂತು ಮಾತಾಡಿದ ಹೆಂಗಸು ಇವಳೇನಾ ಎಂದು ನನಗೆ ಅಳು ಬರುತ್ತದೆ, ಸಾಹೇಬರೇ. ಅವಳು ಬದುಕಿದ್ದಾಳೆ, ಮನೆಯಲ್ಲೇ ಇದ್ದಾಳೆ, ಆದರೂ ಕೊಂಡವಾಡದಿಂದ ಅವಳನ್ನು ಇನ್ನೂ ಕರೆತಂದಿಲ್ಲ ಅನ್ನಿಸುತ್ತದೆ.

ಇನ್ನೊಂದು ಮಾತು. ಅಂದು ಠಾಣೆಯಲ್ಲಿ ಅಕ್ಕನ ದೂರು ಕೇಳಿ ತಾವು ನಕ್ಕಿರಿ. ಅವಳು ನನ್ನ ತೋಳು ಹಿಡಿದು ಹೊರಗೆ ಎಳೆದಳು. ಮನೆ ಹತ್ತಿರ ಬಂದಾಗ, “ಕಸ್ತೂರಿ, ಆವತ್ತ ಕೊಂಡವಾಡದ ಬಾಗಿಲ ಹೊರಗ ಇದೇ ನಗಿ ಕೇಳಿದ್ನಿ,” ಎಂದಳು.

ಫೌಜದಾರರಾಗಿ ತಾವು ಇನ್ನೇನೂ ಮಾಡಬೇಕಾಗಿಲ್ಲ. ಸಾಕ್ಷಿಯಾಗಿ ಕೋರ್ಟಿಗೆ ಬನ್ನಿ. ಚಿಲಕ ಹಾಕಿದ ಕೈ ಯಾರದೆಂದು ಪ್ರಮಾಣ ಮಾಡಿ ಹೇಳಿ. ತಾವು ಅದನ್ನು ಕಣ್ಣಾರೆ ಕಂಡಿದ್ದೀರಿ.

ಇಂತಿ,
ತಾವು ಕಾಯಬೇಕಿದ್ದ ಊರಿನ ಒಬ್ಬಾಕೆ,
ಕಸ್ತೂರೆವ್ವ
ಸಿಂದಗಿ ತಾಲೂಕು, ೧೯೭೪